ಯಾರ ಊರಿನ ಕಪ್?

ಜಗಳವಾಗದ ಮದುವೆ ಮದುವೆಯೇ ಅಲ್ಲ ಎಂದು ನಮ್ಮ ದಾದಿ ಹೇಳುತ್ತಿದ್ದರು. ಬಿರಿಯಾನಿಗೆ ಉಪ್ಪು ಹೆಚ್ಚಾಯಿತೆಂದು, ಹುಡುಗನ ಕಡೆಯವರಿಗೆ ಮೊದಲ ದಸ್ತರ್‌ಖಾನ್‌ನಲ್ಲಿ ಜಾಗ ಸಿಗಲಿಲ್ಲವೆಂದು, ಏನಾದರೊಂದು ಆಗಲೇಬೇಕು. 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಮ್ಮ ಮಾಮುವಿನ ಮಗಳ ನಿಕಾಹ್ ಆಯಿತು. ಹುಡುಗ ಹೈದರಾಬಾದಿನವನು. ಬಿರಿಯಾನಿಯ ವಿಷಯದಲ್ಲೇ ಯುದ್ಧವಾಗುತ್ತದೆಂದು ನಾವು ಹೆದರಿದ್ದೆವು. ಆದದ್ದು ಬೇರೆ. ಜಗಳ ಹುಟ್ಟಿದ್ದು ಫುಟ್‌ಬಾಲಿನ ಮೇಲೆ.

ಶುರು ಮಾಡಿದವರು ಬೀಗರೇ, ಅಂದರೆ ನಮ್ಮ ಮಾತಿನಲ್ಲಿ ಸಮಧಿ ಸಾಹೇಬರು. ಊಟ ಮುಗಿದು ಸುಲೈಮಾನಿ ಚಹಾ ಬಂದಿತ್ತು. 'ಮೈದಾನ್' ಸಿನಿಮಾದ ಮಾತು ಬಂತು. 2024ರಲ್ಲಿ ತೆರೆಕಂಡ ಆ ಚಿತ್ರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಬದುಕನ್ನು ಆಧರಿಸಿದ್ದು. ಸಮಧಿ ಸಾಹೇಬರು ಚಹಾದ ಲೋಟ ಕೆಳಗಿಟ್ಟು, "ಹಿಂದೂಸ್ತಾನದಲ್ಲಿ ಫುಟ್‌ಬಾಲ್ ಎಂದರೆ ಹೈದರಾಬಾದ್, ಮಿಯಾಂ. ಉಳಿದ ಊರುಗಳೆಲ್ಲ ಬರೀ ಚೆಂಡು ಒದ್ದವು" ಎಂದರು.

ಮಾಮು ಸುಮ್ಮನಿರುವ ಜೀವವಲ್ಲ. ಆದರೆ ಹೆಣ್ಣು ಕೊಟ್ಟವರು ಅಂದೇ ಎದುರಾಡಬಾರದು. ಅವರ ಸಂಕಟ ನಮಗೆ ಕಾಣುತ್ತಿತ್ತು. ಆಗ ಬಾಯಿ ಹಾಕಿದವರು ಮಾಮುವಿನ ಹಳೆಯ ಗೆಳೆಯರು, ಕಲ್ಕತ್ತೆಯಲ್ಲಿ ಇಪ್ಪತ್ತು ವರ್ಷ ಚರ್ಮದ ವ್ಯಾಪಾರ ಮಾಡಿ ಬಂದವರು. "ಸಾಹೇಬರೇ, ಲೆಕ್ಕ ತೆಗೆದರೆ ಕಲ್ಕತ್ತೆಯ ಮುಂದೆ ಯಾರೂ ಇಲ್ಲ" ಎಂದರು. ಅಷ್ಟು ಸಾಕಾಯಿತು. ಮಾಮು ಟೋಪಿ ಸರಿಮಾಡಿಕೊಂಡು, "ಹಾಗಾದರೆ ನಮ್ಮ ಬೆಂಗಳೂರಿನ ಲೆಕ್ಕವನ್ನೂ ಹಿಡಿಯಿರಿ" ಎಂದು ಮುಂದೆ ಜರುಗಿ ಕೂತರು.

ಸಮಧಿ ಸಾಹೇಬರ ಲೆಕ್ಕ ಗಟ್ಟಿಯಾಗಿತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. 1950ರಲ್ಲೇ ಡುರಾಂಡ್ ಕಪ್ಪನ್ನೂ ಗೆದ್ದಿತ್ತು, ಅದೂ ಮೋಹನ್ ಬಗಾನ್ ವಿರುದ್ಧ. ಆ ತಂಡವನ್ನು ಕಟ್ಟಿದ ರಹೀಮ್ ಸಾಹೇಬರು ವೃತ್ತಿಯಿಂದ ಮೇಷ್ಟ್ರು. ಅವರು ತರಬೇತುದಾರರಾಗಿದ್ದಾಗಲೇ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು, 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ತಂದಿತು. ಆ ಹೊತ್ತಿಗೆ ರಹೀಮ್ ಸಾಹೇಬರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತು. ಮರುವರ್ಷ ಜೂನಿನಲ್ಲಿ ತೀರಿಕೊಂಡರು. ಇಷ್ಟು ಹೇಳುವಾಗ ಸಮಧಿ ಸಾಹೇಬರ ದನಿ ತಗ್ಗಿತು. ಹಾಲ್‌ನಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು.

ಕಲ್ಕತ್ತೆಯವರು ಬಿಡಲಿಲ್ಲ. ಅವರದು 1911ರಿಂದ ಆರಂಭ. ಆ ವರ್ಷ ಜುಲೈ 29ರಂದು ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಿನವರು. ಆಮೇಲೆ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದು. 1938ರವರೆಗೆ ಐದು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. 1940ರಲ್ಲಿ ಡುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಅದೇ. ಸಂತೋಷ್ ಟ್ರೋಫಿಯ ಲೆಕ್ಕವನ್ನಂತೂ ಕೇಳುವುದೇ ಬೇಡ. 2024ರ ಡಿಸೆಂಬರ್ 31ರಂದು ಬಂಗಾಳ ಅದನ್ನು 33ನೆಯ ಸಲ ಗೆದ್ದಿತು. "ಎಲ್ಲಿ ಗೆದ್ದಿತು ಗೊತ್ತೆ? ನಿಮ್ಮ ಹೈದರಾಬಾದಿನಲ್ಲೇ!" ಎಂದು ಅವರು ಸಮಧಿ ಸಾಹೇಬರ ತೊಡೆ ತಟ್ಟಿದರು.

ಈಗ ಮಾಮುವಿನ ಸರದಿ. ನಾವು ಇಲ್ಲಿ ಪಕ್ಷಪಾತಿಗಳೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಮಾಮು ಹೇಳಿದ್ದನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. 1891ರಲ್ಲಿ ಶುರುವಾದ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಪಲ್ಟನುಗಳ ಆಸ್ತಿಯಾಗಿತ್ತು. ಅದನ್ನು ಮೊದಲು ಕಸಿದುಕೊಂಡ ಭಾರತೀಯ ತಂಡ ಕಲ್ಕತ್ತೆಯದಲ್ಲ, ಹೈದರಾಬಾದಿನದೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಯಾರು? ಅದೇ ಮೊಹಮ್ಮಡನ್ ಸ್ಪೋರ್ಟಿಂಗ್, ತನ್ನ ಐದು ವರ್ಷದ ವೈಭವದ ನಟ್ಟನಡುವೆ. ಮರುವರ್ಷ ಬೆಂಗಳೂರು ಮುಸ್ಲಿಮ್ಸ್ ಆ ಕಪ್ಪನ್ನು ಮತ್ತೆ ಗೆದ್ದಿತು. 1948ರಲ್ಲಿ ಇನ್ನೊಮ್ಮೆ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತ್ತು, ಕೊನೆಯದು 1968-69ರಲ್ಲಿ.

"ಆಮೇಲೆ?" ಎಂದರು ಸಮಧಿ ಸಾಹೇಬರು.

ಆಮೇಲೆ 54 ವರ್ಷ ಏನೂ ಇಲ್ಲ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಅಲ್ಲಿ ಗಾಡಿ ಓಡಿಸುವ ನಮ್ಮ ಚಿಕ್ಕಪ್ಪನ ಮಗ ಆಟ ನೋಡಿ ಬಂದು ರಾತ್ರಿ ಫೋನು ಮಾಡಿದ್ದ. ಹನ್ನೆರಡು ವರ್ಷದಿಂದ ಆ ದೇಶದಲ್ಲಿದ್ದಾನೆ. "ಭಾಯಿಜಾನ್, ನಮ್ಮ ಊರಿನ ಹೆಸರು ಕೂಗಿ ಕೂಗಿ ಗಂಟಲು ಹೋಯಿತು" ಎಂದ. ನಿಜಕ್ಕೂ ಗಂಟಲು ಹೋಗಿತ್ತು.

ಇಷ್ಟರವರೆಗೆ ಇದು ಲೆಕ್ಕದ ಜಗಳ. ಆದರೆ ಲೆಕ್ಕದ ಪುಸ್ತಕವನ್ನೇ ಕೆಡಿಸುವ ಹೆಸರೊಂದನ್ನು ಮಾಮು ತೆಗೆದರು, ಅಹ್ಮದ್ ಖಾನ್.

ನಮ್ಮ ಬಡೆ ಅಬ್ಬಾ, ಅಂದರೆ ಅಬ್ಬಾನ ಅಣ್ಣ, ಟೈಲರ್ ಆಗಿದ್ದರು. ಅವರ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಪತ್ರಿಕೆಯಿಂದ ಕತ್ತರಿಸಿದ ಒಂದು ಹಳದಿಗಟ್ಟಿದ ಚಿತ್ರವಿತ್ತು. ಅದು ಅಹ್ಮದ್ ಖಾನ್ ಅವರದು. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದವರು. ಚೆಂಡನ್ನು ಕಾಲಿನಲ್ಲಿ ಆಡಿಸುವ ರೀತಿ ನೋಡಿ ಜನ ಅವರನ್ನು ಹಾವಾಡಿಗ ಎನ್ನುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಆ ತಂಡದ ಬಹುತೇಕರು ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರೂ ಬೆಂಗಳೂರಿನವರೇ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು.

ಅಹ್ಮದ್ ಖಾನ್ ಆಮೇಲೆ ಕಲ್ಕತ್ತೆಗೆ ಹೋದರು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯ ಐವರನ್ನು ಪಂಚಪಾಂಡವರು ಎಂದು ಕರೆಯುತ್ತಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. 1949ರಿಂದ 1951ರವರೆಗೆ ಆ ಕ್ಲಬ್ ಐ.ಎಫ್.ಎ. ಶೀಲ್ಡನ್ನು ಸತತ ಮೂರು ಸಲ ಗೆದ್ದಿತು.

"ಈಗ ಹೇಳಿ, ಆ ಶೀಲ್ಡುಗಳನ್ನು ಯಾವ ಊರಿನ ಖಾತೆಗೆ ಬರೆಯುತ್ತೀರಿ?" ಎಂದು ಮಾಮು ಕೇಳಿದರು.

ಕಲ್ಕತ್ತೆಯವರು ನಗಲಿಲ್ಲ. "ನೀವು ಹೆತ್ತಿರಿ, ನಾವು ಸಾಕಿದೆವು" ಎಂದರು. "ನಿಮ್ಮ ಊರಿನಲ್ಲಿ ಅವರನ್ನು ನೋಡಲು ಎಷ್ಟು ಜನ ಬರುತ್ತಿದ್ದರು? ಕಲ್ಕತ್ತೆಯ ಮೈದಾನದಲ್ಲಿ ಬೆಳಗಿನಿಂದ ಸಾಲು ನಿಲ್ಲುತ್ತಿದ್ದರು. ಆಟಗಾರನಿಗೆ ಕಾಸು ಬೇಕು, ಕೂಗುವ ಜನ ಬೇಕು. ಅದನ್ನು ಕೊಟ್ಟ ಊರಿಗೆ ಕಪ್ ಸೇರಬೇಡವೆ?" ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಆ ಐದು ವರ್ಷಗಳಲ್ಲಿ ಬೆಂಗಳೂರಿನಿಂದ ಹಿಡಿದು ಕ್ವೆಟ್ಟಾ, ಪೇಶಾವರದವರೆಗಿನ ಹುಡುಗರನ್ನು ಕರೆಸಿಕೊಂಡೇ ಗೆದ್ದದ್ದು. 1911ರ ಬರಿಗಾಲಿನವರಲ್ಲೂ ಹೆಚ್ಚಿನವರು ಪೂರ್ವ ಬಂಗಾಳದ ಮೂಲದವರು.

ಬಡೆ ಅಬ್ಬಾನಿಗೂ ಕಲ್ಕತ್ತೆಯಿಂದ ಕರೆ ಬಂದಿತ್ತು. ಐವತ್ತರ ದಶಕದ ಕೊನೆಯ ಮಾತು. ಅವರು ನಮ್ಮ ಬಡಾವಣೆಯ ತಂಡದಲ್ಲಿ ಎಡಬದಿ ಆಡುತ್ತಿದ್ದರಂತೆ. ದಾದಿ ಬಾಗಿಲಿಗೆ ಅಡ್ಡ ನಿಂತರು. ಗಂಡ ಸತ್ತು ವರ್ಷವಾಗಿತ್ತು, ಹಿರಿಯ ಮಗ, ಕೆಳಗೆ ನಾಲ್ಕು ಮಕ್ಕಳು. ಬಡೆ ಅಬ್ಬಾ ಕತ್ತರಿ ಹಿಡಿದರು. ಆ ವಿಷಯ ಅವರು ನಮ್ಮೊಡನೆ ಎಂದೂ ಆಡಲಿಲ್ಲ. ಅವರು ತೀರಿಕೊಂಡ ಮೇಲೆ ಅಬ್ಬಾ ಹೇಳಿದ್ದು. ಅಹ್ಮದ್ ಖಾನ್ 2017ರ ಆಗಸ್ಟಿನಲ್ಲಿ ತೀರಿಕೊಂಡಾಗ ಸುದ್ದಿ ಓದಿ ನಮಗೆ ಮೊದಲು ನೆನಪಾದದ್ದು ಹೊಲಿಗೆ ಯಂತ್ರದ ಸದ್ದು. (ನಾವು 'ನಾವು' ಎಂದೇ ಬರೆಯುತ್ತೇವೆಂದು ಸಂಪಾದಕರು ಆಗಾಗ ಛೇಡಿಸುತ್ತಾರೆ. ಉರ್ದು ಶಾಲೆಯಲ್ಲಿ 'ಹಮ್' ಎಂದು ತಿದ್ದಿದ ಕೈ ಇದು. ಆದರೆ ಇಂಥ ಕಡೆ 'ನಾನು' ಎಂದರೆ ಸುಳ್ಳಾಗುತ್ತದೆ. ಆ ಮನೆಯಲ್ಲಿ ಒಬ್ಬೊಬ್ಬರಾಗಿ ಯಾರಿಗೂ ಏನೂ ಆಗುತ್ತಿರಲಿಲ್ಲ.)

ನಮ್ಮ ಹೈಸ್ಕೂಲು ಕನ್ನಡ ಮಾಧ್ಯಮದ್ದು. ಉರ್ದು ಪುಸ್ತಕದಲ್ಲೂ ಕನ್ನಡ ಪುಸ್ತಕದಲ್ಲೂ 1937ರ ಆ ತಂಡದ ಬಗ್ಗೆ ಒಂದು ಸಾಲನ್ನೂ ನಾವು ಓದಿದ ನೆನಪಿಲ್ಲ. ತಂಡದ ಹೆಸರಲ್ಲಿ ಜಾತಿಯಿದೆ ಎಂಬ ಮುಜುಗರವೇ ಕಾರಣವೋ ಏನೋ. ಆ ಕಾಲದಲ್ಲಿ ಬೊಂಬಾಯಿಯ ಕ್ರಿಕೆಟ್ಟೂ ಹಿಂದೂ, ಮುಸ್ಲಿಂ, ಪಾರ್ಸಿ ಎಂದೇ ನಡೆಯುತ್ತಿತ್ತು. ಅದು ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಬ್ರಿಟಿಷ್ ಪಲ್ಟನ್ನಿನ ಕೈಯಿಂದ ಕಪ್ ಕಸಿದವರನ್ನು ಹೆಸರಿನ ಕಾರಣಕ್ಕೆ ಮರೆಯುವುದೂ ಚೆನ್ನಲ್ಲ.

ಪರದೆಯ ಆಚೆ ಹೆಂಗಸರು ಇದನ್ನೆಲ್ಲ ಕೇಳುತ್ತಿದ್ದರೆಂದು ನಮಗೆ ತಿಳಿದದ್ದು ಚಾಚಿಯ ದನಿ ಬಂದಾಗ. "ಆ ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, 2024ರಲ್ಲಿ. ಅದನ್ನು ಯಾರೂ ಎಣಿಸಲಿಲ್ಲವಲ್ಲ!" ಸಮಧಿ ಸಾಹೇಬರ ಬೇಗಂ ಕೂಡಲೇ ಸಾನಿಯಾ ಮಿರ್ಜಾ ಹೆಸರು ಹೇಳಿದರು. ಆರು ಗ್ರ್ಯಾಂಡ್ ಸ್ಲಾಮ್, ಹೈದರಾಬಾದ್. ಗಂಡಸರು ತಲೆ ತಗ್ಗಿಸಿ ಚಹಾ ಕುಡಿದರು.

ಆರ್‌ಸಿಬಿ ಎಂಬ ಮಾತು ಬರಬಾರದಿತ್ತು. ನಮ್ಮ ಆಪಾನ ಮಗ, ಹದಿನೇಳರ ಹುಡುಗ, ಅಲ್ಲೇ ಲೋಟ ಎತ್ತಿಡುತ್ತಿದ್ದ. 2025ರ ಜೂನ್ 3ರಂದು ಆ ತಂಡ ಹದಿನೆಂಟನೆಯ ಐಪಿಎಲ್‌ನಲ್ಲಿ ಮೊದಲ ಬಾರಿ ಗೆದ್ದಿತು. ಮರುದಿನ ಇವನು ಯಾರಿಗೂ ಹೇಳದೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಿದ್ದ. ಸಂಜೆ ಟಿವಿಯಲ್ಲಿ ಸುದ್ದಿ ಬರತೊಡಗಿತು. ಫೋನು ಸಿಗಲಿಲ್ಲ. ಆಪಾ ಮಗ್ರಿಬ್ ನಮಾಜಿನ ಚಾಪೆಯಿಂದ ಏಳಲೇ ಇಲ್ಲ. ರಾತ್ರಿ ಹತ್ತಕ್ಕೆ ಬಂದ, ಕಾಲಿನಲ್ಲಿ ಒಂದೇ ಚಪ್ಪಲಿ. ಯಾರೂ ಬೈಯಲಿಲ್ಲ. ಗೇಟುಗಳ ಬಳಿ ಆ ದಿನ ನೂಕುನುಗ್ಗಲಿನಲ್ಲಿ 11 ಜನ ಸತ್ತಿದ್ದರು. ಹೆಚ್ಚಿನವರು ಅವನಿಗಿಂತ ಸ್ವಲ್ಪ ದೊಡ್ಡವರು, ಅಷ್ಟೇ.

ಕಲ್ಕತ್ತೆಯವರು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡರು. 1980ರ ಆಗಸ್ಟ್ 16ರ ಕಥೆ ಹೇಳಿದರು. ಅಂದು ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್–ಮೋಹನ್ ಬಗಾನ್ ಪಂದ್ಯ. ಗ್ಯಾಲರಿಯಲ್ಲಿ ಹೊಡೆದಾಟ, ಕಾಲ್ತುಳಿತ, 16 ಜನ ಸತ್ತರು. ಇವರ ಗೋದಾಮಿನ ಹುಡುಗ ಆಟಕ್ಕೆ ಹೋಗಿದ್ದವನು ನಡುರಾತ್ರಿ ಬಂದನಂತೆ. ಆ ಊರಿನ ಫುಟ್‌ಬಾಲ್ ಪ್ರೇಮಿಗಳು ಇಂದಿಗೂ ಆ ದಿನವನ್ನು ನೆನೆಯುತ್ತಾರೆ. "ಅರ್ಧ ಗಂಟೆಯಿಂದ ಕಪ್ ಎಣಿಸುತ್ತಿದ್ದೇವೆ, ಬೇಟಾ. ಅವರ ಹೆಸರು ನನಗೂ ಬರುವುದಿಲ್ಲ" ಎಂದರು.

ಹುಡುಗ, "ನಾನು ಸುಮ್ಮನೆ ನೋಡಲು ಹೋಗಿದ್ದೆ ನಾನಾ" ಎಂದ. ಅದನ್ನೇ ಎರಡು ಸಲ ಹೇಳಿದ.

ಸ್ವಲ್ಪ ಹೊತ್ತಿನ ಮೇಲೆ ಮಾತು ಮತ್ತೆ ಹಳಿಗೆ ಬಂತು, ಆದರೆ ಮೊದಲಿನ ಬಿಸಿ ಇರಲಿಲ್ಲ. ಹೈದರಾಬಾದ್ ಎಫ್‌ಸಿ 2021-22ರಲ್ಲಿ ಐಎಸ್ಎಲ್ ಗೆದ್ದದ್ದನ್ನು ಸಮಧಿ ಸಾಹೇಬರು ನೆನೆದರು. 2025ರಲ್ಲಿ ಆ ತಂಡವೇ ದೆಹಲಿಗೆ ಹೊರಟುಹೋಯಿತೆಂದು ತಾವೇ ಸೇರಿಸಿದರು. ಬೆಂಗಳೂರು ಎಫ್‌ಸಿ 2018-19ರಲ್ಲಿ ಗೆದ್ದದ್ದನ್ನು ಮಾಮು ಹೇಳಿದರೆ, "ನಿಮ್ಮ ಕಪ್ತಾನ ಸುನಿಲ್ ಛೇತ್ರಿ ಹುಟ್ಟಿದ್ದು ನಮ್ಮ ಸಿಕಂದರಾಬಾದಿನಲ್ಲಿ" ಎಂದು ಸಮಧಿ ಸಾಹೇಬರು ನಕ್ಕರು. ನಾವು ನಡುವೆ ಬಾಯಿ ಹಾಕಿ ಹಲಸೂರಿನ ಗೌತಮಪುರದ ಮಾತು ತೆಗೆದೆವು. ಆ ಪುಟ್ಟ ಬಡಾವಣೆ ಎಷ್ಟು ಆಟಗಾರರನ್ನು ಕೊಟ್ಟಿದೆಯೆಂದರೆ ಅಲ್ಲಿನವರು ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಯಾರೂ ನಮ್ಮ ಮಾತು ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ರುಖ್ಸತಿಯ ವೇಳೆಯಾಗಿತ್ತು.

ಮದುಮಗಳು ಮಾಮುವಿನ ಹೆಗಲಿಗೆ ತಲೆಯಿಟ್ಟು ಅತ್ತಳು. ಬಸ್ಸಿನ ಬಾಗಿಲಲ್ಲಿ ಮಾಮು ಸಮಧಿ ಸಾಹೇಬರ ಕೈ ಹಿಡಿದು, ಅಳುತ್ತಲೇ, "ಇವಳನ್ನು ಮಾತ್ರ ನಿಮ್ಮ ಊರಿನ ಲೆಕ್ಕಕ್ಕೆ ಪೂರ್ತಿ ಬರೆದುಕೊಳ್ಳಬೇಡಿ ಭಾಯಿಸಾಹೇಬ್" ಎಂದರು. ಸಮಧಿ ಸಾಹೇಬರು ಏನೂ ಹೇಳದೆ ತಬ್ಬಿಕೊಂಡರು.

ಮರುದಿನ ಫಜ್ರ್ ಮುಗಿಸಿ ಬಂದು ಮಾಮುವಿನ ಮನೆಯಲ್ಲಿ ಕೂತಿದ್ದೆವು. ಮನೆ ಬಿಕೋ ಎನ್ನುತ್ತಿತ್ತು. ಫೋನು ಬಂತು. ಮಗಳು ಕ್ಷೇಮವಾಗಿ ಮುಟ್ಟಿದ್ದಾಳೆ, ಮಲಗಿದ್ದಾಳೆ ಎಂದು ಸಮಧಿ ಸಾಹೇಬರು ಹೇಳಿದರು. ಮಾಮು ಅಲ್‌ಹಮ್ದುಲಿಲ್ಲಾ ಎಂದು ಫೋನು ಇಡುವುದರಲ್ಲಿದ್ದರು. ಆ ಕಡೆಯಿಂದ ಮತ್ತೆ ದನಿ ಬಂತು: "ಇನ್ನೊಂದು ಮಾತು. ನಿನ್ನೆ ಬರೀ ಐದು ರೋವರ್ಸ್ ಕಪ್ ಅಂದೆ. 1957ರದು ಮರೆತಿದ್ದೆ. ಅದನ್ನೂ ಸೇರಿಸಿಕೊಳ್ಳಿ."

ಮಾಮು ಕನ್ನಡಕ ಹುಡುಕತೊಡಗಿದರು.