ಮೊಣಕೈಯಿಂದ ಹೆಬ್ಬೆರಳಿನ ಬುಡಕ್ಕೆ

ಬರ್ಲಿನ್ನಿನಿಂದ ರೈಲು ಹತ್ತಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಏಬರ್ಸ್‌ವಾಲ್ಡೆ. ಸುತ್ತ ಕಾಡು, ನಡುವೆ ಹಳೆಯ ಫಿನೋ ಕಾಲುವೆ, ಅದರ ಮೇಲೆ ನವೆಂಬರಿನ ಮಂಜು. ಎದೆ ಬಗೆಯದೆ ಹೃದಯ ಮುಟ್ಟುವ ವಿದ್ಯೆಗೆ ಈ ಪುಟ್ಟ ಊರೇ ಬಾಗಿಲು ತೆರೆಯಿತೆಂದರೆ ಯಾರು ನಂಬುತ್ತಾರೆ! 1929ರ ಬೇಸಿಗೆಯಲ್ಲಿ ಇಲ್ಲಿನ ಎಳೆಯ ವೈದ್ಯ ವೆರ್ನರ್ ಫೋರ್ಸ್‌ಮನ್, ರಕ್ತನಾಳದ ಮೂಲಕ ಹೃದಯ ಮುಟ್ಟುವ ಪ್ರಯೋಗ ಬೇಡವೆಂದು ಹಿರಿಯರು ಹೇಳಿದರೂ ಕೇಳಲಿಲ್ಲ. ಉಪಕರಣಗಳು ನರ್ಸ್ ಗೆರ್ಡಾ ಡಿಟ್ಸೆನ್ ಸುಪರ್ದಿಯಲ್ಲಿದ್ದವು. 'ನನ್ನ ಮೇಲೇ ಆಗಲಿ' ಎಂದು ಆಕೆ ಮುಂದೆ ಬಂದಳು. ಆತ ಅವಳನ್ನು ಮೇಜಿಗೆ ಕಟ್ಟಿ, ಸದ್ದಿಲ್ಲದೆ ತನ್ನದೇ ಎಡ ಮೊಣಕೈ ಸಂದಿನ ಅಭಿಧಮನಿ ಕೊಯ್ದು, ಮೂತ್ರನಾಳಕ್ಕೆ ಬಳಸುವ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿಕೊಂಡ. ಹಾಗೆಯೇ ಮೆಟ್ಟಿಲಿಳಿದು ಎಕ್ಸ್‌-ರೇ ಕೋಣೆಗೆ ನಡೆದ. ಚಿತ್ರದಲ್ಲಿ ಅದರ ತುದಿ ಹೃದಯದ ಒಳಗಿತ್ತು! 1956ರಲ್ಲಿ ನೊಬೆಲ್ ಬಂತು. ಇಂದು ಊರಿನ ಆಸ್ಪತ್ರೆಗೆ ಅವನದೇ ಹೆಸರು. ಫಲಕದ ಮುಂದೆ ನಿಂತ ನನ್ನ ಕೈ ಮೊಣಕೈ ಸಂದನ್ನು ಸವರುತ್ತಿದೆ.

ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ನಮ್ಮಲ್ಲಿ ಮಕ್ಕಳು ಇನ್ನೂ ಶಾಲೆ ಬಿಟ್ಟಿರದ ಹೊತ್ತು. ಕೈಗವಸು ಕಳಚದೆ ನಕ್ಷೆ ಬಿಡಿಸಲಾಗದು, ಕಳಚಿದರೆ ಬೆರಳು ಮರಗಟ್ಟುತ್ತದೆ. ಕರೋಲಿನ್ಸ್ಕಾ ಆಸ್ಪತ್ರೆಯ ದೀಪಗಳು ಕಂಡಾಗ ಚಳಿ ಮರೆತುಹೋಯಿತು. ಇಲ್ಲಿನ ರೇಡಿಯಾಲಜಿಸ್ಟ್ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಉಪಾಯ ಎಷ್ಟು ಸರಳ! ಅದುವರೆಗೆ ಅಪಧಮನಿಯನ್ನು ಕೊಯ್ದು ತೆರೆಯಬೇಕಿತ್ತು, ಇಲ್ಲವೇ ಕ್ಯಾತಿಟರ್ ಹಿಡಿಸುವಷ್ಟು ದಪ್ಪ ಸೂಜಿ ಚುಚ್ಚಬೇಕಿತ್ತು. ಈತ ಸಣ್ಣ ಸೂಜಿ ಚುಚ್ಚಿ, ಅದರೊಳಗಿಂದ ಬಳುಕುವ ತಂತಿ ಇಳಿಸಿ, ಸೂಜಿಯನ್ನು ಹಿಂದಕ್ಕೆಳೆದ. ಉಳಿದ ತಂತಿಯ ಮೇಲೆ ಕ್ಯಾತಿಟರ್, ದಾರದ ಮೇಲೆ ಹವಳ ಜಾರುವಂತೆ, ರಕ್ತನಾಳಕ್ಕಿಳಿಯಿತು. ಹೃದಯಕ್ಕೆ ಕ್ಯಾತಿಟರ್ ಹಾಕುವ ಕೋಣೆ, ಜಗತ್ತಿನ ಯಾವ ಕ್ಯಾತ್ ಲ್ಯಾಬಿಗೆ ಹೋದರೂ ಇಂದಿಗೂ ಮೊದಲು ನಡೆಯುವುದು ಇದೇ.

ಜ್ಯೂರಿಕ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಂಡ್ರಿಯಾಸ್ ಗ್ರುಂಟ್ಸಿಗ್ ತನ್ನ ಅಡುಗೆಮನೆಯಲ್ಲಿ ಬಲೂನು ಅಂಟಿಸಿ ಕ್ಯಾತಿಟರ್ ತಯಾರಿಸಿದ ಊರು ಇದು. 1977ರ ಸೆಪ್ಟೆಂಬರ್ 16ರಂದು ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಮೊದಲ ಕರೊನರಿ ಆಂಜಿಯೋಪ್ಲಾಸ್ಟಿ ಇಲ್ಲೇ ಆಯಿತು, ತೊಡೆಸಂದಿನ ದಾರಿಯಿಂದ.

ಫ್ರಾನ್ಸಿನ ರುವಾಂನಲ್ಲಿ ಮಳೆ ಬಿಡುವುದೇ ಇಲ್ಲ. ಕೊಡೆ ಎರಡು ಬಾರಿ ಮಗುಚಿಕೊಂಡಿತು. ಕಲಾವಿದ ಮೊನೆ ಮತ್ತೆ ಮತ್ತೆ ಚಿತ್ರಿಸಿದ ಕೆಥೆಡ್ರಲ್ ಮಳೆಯ ಹಿಂದೆ ಅರ್ಧ ಮಾತ್ರ ಕಾಣುತ್ತಿದೆ. ನಾನು ಬಂದದ್ದು ಶಾರ್ಲ್ ನಿಕೋಲ್ ಆಸ್ಪತ್ರೆ ನೋಡಲು. 2002ರ ಏಪ್ರಿಲ್ 16ರಂದು ಅಲೇನ್ ಕ್ರಿಬಿಯೇ ಇಲ್ಲಿ ಎದೆ ತೆರೆಯದೆ ಮನುಷ್ಯನ ಹೃದಯಕ್ಕೆ ಮಹಾಪಧಮನಿಯ ಕವಾಟ ಕೂರಿಸಿದರು. 57ರ ಆ ರೋಗಿಯ ಕಾಲಿನ ಅಪಧಮನಿಗಳು ಮುಚ್ಚಿಹೋಗಿದ್ದವು, ನೇರ ದಾರಿ ಇರಲಿಲ್ಲ. ಆಗ ತೊಡೆಸಂದಿನ ಅಭಿಧಮನಿಯಿಂದ ಹೃದಯದ ಬಲಭಾಗಕ್ಕೆ ಹೋಗಿ, ನಡುಗೋಡೆ ಚುಚ್ಚಿ, ಎಡಭಾಗಕ್ಕೆ ದಾಟಿದರು. ಮಿಡಿಯುವ ಹೃದಯದೊಳಗೆ ಎಂಥ ಸುತ್ತುಬಳಸಿನ ಪಯಣ! ಇದಕ್ಕಿಂತ ಧೈರ್ಯದ ಪ್ರವಾಸ ಕಥನವನ್ನು ನಾನು ಕೇಳಿಲ್ಲ.

ಆಮ್‌ಸ್ಟರ್‌ಡಾಮಿನಲ್ಲಿ ಹೆಜ್ಜೆಗೊಂದು ಸೈಕಲ್ ಗಂಟೆ. ಬೆಚ್ಚಿ ಪಕ್ಕಕ್ಕೆ ಸರಿದರೆ ಅಲ್ಲೂ ಸೈಕಲ್ಲೇ. ಮಾಂಟ್ರಿಯಲ್‌ನ ಲೂಸಿಯನ್ ಕಾಂಪೋ 1989ರಲ್ಲಿ ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಮಾಡಿದ ಸುದ್ದಿ ಬರೆದಿದ್ದರು. ಆ ಜಾಡು ಹಿಡಿದು ಇಲ್ಲಿನ ಫರ್ಡಿನಾಂಡ್ ಕೀಮೆನೇಯ್ 1992ರಲ್ಲಿ ಮಣಿಕಟ್ಟಿನಿಂದಲೇ ಆಂಜಿಯೋಪ್ಲಾಸ್ಟಿ ಮಾಡಿದರು. ಅಂಗೈಗೆ ರಕ್ತ ತರುವ ದಾರಿ ಎರಡು. ಒಂದನ್ನು ವೈದ್ಯರು ಹಿಡಿದರೆ ಇನ್ನೊಂದು ಕೈಯನ್ನು ಸಲಹುತ್ತದೆ. ಮಣಿಕಟ್ಟಿನ ನಾಳ ಚರ್ಮಕ್ಕೆ ಹತ್ತಿರ, ಕೆಳಗೇ ಮೂಳೆ. ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಬೆಂಗಳೂರಿನಲ್ಲಿ ನಮ್ಮ ದೊಡ್ಡಮ್ಮ ರಕ್ತ ನಿಲ್ಲಲೆಂದು ತೊಡೆಸಂದಿನ ಮೇಲೆ ಮರಳು ಚೀಲ ಹೇರಿಸಿಕೊಂಡು, ಕಾಲು ಮಡಚದೆ ಮಲಗಿದ್ದ ರಾತ್ರಿ ನನಗೆ ನೆನಪಿದೆ. ಈಗ ಅಲ್ಲೂ ಎಷ್ಟೋ ಜನ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ತಾವೇ ಎದ್ದು ಓಡಾಡುತ್ತಾರೆ. ಅದನ್ನು ಕಂಡಾಗಲೆಲ್ಲ ಈ ಊರಿಗೆ ಋಣಿ ಎನಿಸುತ್ತದೆ.

ಕೀಮೆನೇಯ್ ಅಷ್ಟಕ್ಕೇ ನಿಲ್ಲಲಿಲ್ಲ. 2017ರಲ್ಲಿ ಇನ್ನೂ ಕೆಳಗಿಳಿದು, ಎಡಗೈ ಹೆಬ್ಬೆರಳಿನ ಬುಡದ ಗುಳಿಯಿಂದ ಹೋಗುವ ಬಗೆಯನ್ನು ಬರೆದರು. ಟ್ರಾಮಿನಲ್ಲಿ ಕೂತು ಹೆಬ್ಬೆರಳು ಚಾಚಿ ಆ ಗುಳಿಯಲ್ಲಿ ನಾಡಿ ಹುಡುಕುತ್ತೇನೆ. ಸಿಕ್ಕಿತು! ಪಕ್ಕದ ಹೆಂಗಸು ಏನೆಂದು ಕೇಳುತ್ತಾಳೆ, ಹೇಳುತ್ತೇನೆ. ಆಕೆಯೂ ಗವಸು ಕಳಚಿ ತನ್ನ ಕೈ ಒತ್ತಿ ನೋಡಿಕೊಳ್ಳುತ್ತಾಳೆ. ಸಿಗದಿದ್ದಾಗ ಕೈಯನ್ನು ನನ್ನ ಮುಂದೆ ಚಾಚಿ, ಎಲ್ಲಿ ತೋರಿಸಿ ಎನ್ನುತ್ತಾಳೆ.