ಕಾಗಿಣಾದ ಚಪ್ಪಟೆ ಕಲ್ಲು



ಮಳಖೇಡದ ಹತ್ತಿರ ಕಾಗಿಣಾ ನದಿಯಲ್ಲಿ ಆರಿಸಿದ ಬೂದುಬಣ್ಣದ ಚಪ್ಪಟೆ ಕಲ್ಲಿನ ಫೋಟೊ ಕಳಿಸಿ, ಇದು ಯಾವ ಕಲ್ಲು ಎಂದು ಕೇಳಿದ್ದೀರಿ. ಸುಣ್ಣಕಲ್ಲು ಇರಬೇಕು. ಆದರೆ ಬರಿಯ ಫೋಟೊ ನೋಡಿ ಹೇಳಲಾಗದು. ಹೊಳೆ ಎಲ್ಲ ಕಲ್ಲನ್ನೂ ತಿಕ್ಕಿ ನುಣುಪು ಮಾಡಿಬಿಡುತ್ತದೆ. ಬಣ್ಣವೋ, ಒದ್ದೆಯಾದಾಗ ಒಂದು, ಒಣಗಿದಾಗ ಇನ್ನೊಂದು.

ಒಂದು ಹಳೆಯ ಚಾಕು, ಅರ್ಧ ಹೋಳು ನಿಂಬೆಹಣ್ಣು ತನ್ನಿ. ಚಾಕುವಿನ ತುದಿಯಿಂದ ಕಲ್ಲನ್ನು ಗೀರಿ. ಸುಣ್ಣಕಲ್ಲಾದರೆ ಸಲೀಸಾಗಿ ಗೀರು ಬಿದ್ದು ಬಿಳಿ ಪುಡಿ ಉದುರುತ್ತದೆ. ಆ ಪುಡಿಯ ಮೇಲೆ ನಿಂಬೆರಸ ಹಿಂಡಿ, ಬಗ್ಗಿ ನೋಡಿ: ಸಣ್ಣ ಗುಳ್ಳೆ ಏಳಬೇಕು. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಹುಳಿ ತಾಗಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುವುದೇ ಆ ಗುಳ್ಳೆ. ಗೀರದೆ ಹಿಂಡಿದರೆ ಏನೂ ಕಾಣದೇ ಹೋಗಬಹುದು, ನಿಂಬೆಯ ಹುಳಿಗೆ ಅಷ್ಟು ಜೋರಿಲ್ಲ.

ಮೋಸ ಮಾಡುವುದು ಬಸಾಲ್ಟ್. ಅದೂ ಕಪ್ಪು-ಬೂದು. ಆದರೆ ಅದು ಆರಿದ ಲಾವಾ. ಚಾಕುವಿಗೆ ಸುಲಭಕ್ಕೆ ಜಗ್ಗದು, ನಿಂಬೆಗೆ ಗುಳ್ಳೆ ಬಿಡದು. ಅದರ ತೂತುಗಳಲ್ಲಿ ತುಂಬಿಕೊಂಡ ಬಿಳಿ ಕಾಳು ಕೆಲವೊಮ್ಮೆ ಗುಳ್ಳೆ ಬಿಡುತ್ತದೆ, ಆದ್ದರಿಂದ ಕಾಳನ್ನು ಬಿಟ್ಟು ಮೈಯನ್ನೇ ಪರೀಕ್ಷಿಸಿ.

ಸುಣ್ಣಕಲ್ಲಿನಲ್ಲಿ ಚಿಪ್ಪು, ಶಂಖ ಹುಡುಕುವುದು ಹಲವರ ಅಭ್ಯಾಸ. ಇಲ್ಲಿ ಹುಡುಕಬೇಡಿ. ಭೀಮಾ ಕಣಿವೆಯ ಈ ಕಲ್ಲು ಐವತ್ತು ಕೋಟಿ ವರ್ಷಕ್ಕೂ ಹಿಂದಿನದು. ಚಿಪ್ಪಿನ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ. ಆಳವಿಲ್ಲದ ಕಡಲಿನ ತಳದಲ್ಲಿ ನುಣ್ಣನೆಯ ಸುಣ್ಣದ ಕೆಸರು ಪದರಪದರವಾಗಿ ಕೂತು ಗಟ್ಟಿಯಾದದ್ದು ಇದು. ಹಲಗೆಯಂತೆ ಬಿಡಿಸಿಕೊಳ್ಳುವ ಗುಣ ಬಂದದ್ದು ಆ ಪದರಗಳಿಂದ, ನಿಮ್ಮ ಕಲ್ಲು ಚಪ್ಪಟೆಯಾದದ್ದೂ ಅದರಿಂದಲೇ. ಮೆದು ಕಲ್ಲಾದ್ದರಿಂದ ಹೊಳೆಯಲ್ಲಿ ಬಹುದೂರ ಉರುಳಿ ಬಾಳುವುದಿಲ್ಲ. ಹಾಗಾಗಿ ಇದರ ಮೂಲ ಬಂಡೆ ಹತ್ತಿರದಲ್ಲೇ ಇರುತ್ತದೆ. ದಂಡೆಯ ಕೊರಕಲುಗಳಲ್ಲಿ ಅಡ್ಡಗೆರೆಗಳನ್ನು ಹುಡುಕಿ.

ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಉಬ್ಬುಶಿಲ್ಪವಿದೆಯಲ್ಲ, ಅದೂ ಸುಣ್ಣಕಲ್ಲೇ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿಗಾಗಿ. ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯೂ ಇದೇ.

ಅಂದ ಹಾಗೆ, ನಿಮ್ಮ ಮನೆಯದೂ ಶಹಾಬಾದ್ ನೆಲವಾದರೆ ಈ ಪರೀಕ್ಷೆಯನ್ನು ಅಂಗಳದಲ್ಲೇ ಮುಗಿಸಿ. ನಿಂಬೆರಸ ಬಿದ್ದ ಜಾಗ ಮಂಕಾಗುತ್ತದೆ. ಆಮೇಲೆ ಎಷ್ಟು ಒರೆಸಿದರೂ ಹೋಗದು, ಪಾಲಿಶ್‌ನವರನ್ನೇ ಕರೆಸಬೇಕು.

ನಿಮ್ಮ ಸ್ನೇಹಿತ