ಅದೇ ಅಕ್ಷರ, ಬೇರೆ ನಾಣ್ಯ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸವೆದು ಬಿಟಿಎಂ ಎಂಬ ಮೂರಕ್ಷರವಾಗಿವೆ. ಆ ಬಡಾವಣೆಯಲ್ಲೇ ಬೆಳೆದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಕ್ರಿಪ್ಟೋ ನಾಣ್ಯಗಳ ಪಟ್ಟಿ ನೋಡುತ್ತಿದ್ದಾಗ ತನ್ನ ಬಡಾವಣೆಯ ಹೆಸರು ಕಂಡು ನಕ್ಕುಬಿಟ್ಟ. ಬೈಟಮ್ ಎಂಬ ನಾಣ್ಯದ ಗುರುತೂ ಬಿಟಿಎಂ!

ನಕ್ಕು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಗೆಳೆಯನೊಬ್ಬ ಇನ್ನೊಂದು ನಾಣ್ಯದ ನಾಲ್ಕಕ್ಷರ ಹೇಳಿ, ಬೆಲೆ ಏರುತ್ತಿದೆ ಎಂದ. ಹುಡುಗ ಆ ಅಕ್ಷರಗಳನ್ನು ಹುಡುಕಿ, ಮೊದಲು ಕಂಡದ್ದನ್ನೇ ಕೊಂಡ. ಸೆಮಿಸ್ಟರ್ ಫೀಸಿಗೆಂದು ಇಟ್ಟಿದ್ದ ಹಣ ಅದು. ಬೆಲೆಯೇನೋ ಏರಿತು. ಆದರೆ ಮಾರಹೊರಟರೆ ಇವನ ಬಳಿಯಿದ್ದದ್ದನ್ನು ಕೊಳ್ಳುವವರೇ ಇಲ್ಲ. ಅದು ಬೇರೆಯೇ ನಾಣ್ಯ. ಅಕ್ಷರ ಮಾತ್ರ ಅದೇ.

ಅಪ್ಪನಿಗೆ ಹೇಳಲು ಧೈರ್ಯ ಸಾಲದೆ ಜಯನಗರದ ತಾತನ ಮನೆಗೆ ಹೋದ. ತಾತ ಬೈಯಲಿಲ್ಲ. "ಆ ಅಕ್ಷರ ಕೊಟ್ಟವರು ಯಾರೋ?" ಎಂದಷ್ಟೇ ಕೇಳಿದರು. ಹುಡುಗನಲ್ಲಿ ಉತ್ತರವಿರಲಿಲ್ಲ.

ತಾತನಿಗೆ ಗೊತ್ತಿದ್ದದ್ದು ಷೇರುಪೇಟೆ. ಒಂದು ಕಾಲಕ್ಕೆ ಜಯನಗರದಲ್ಲೇ ಕಚೇರಿಯಿದ್ದ ಇನ್ಫೋಸಿಸ್, 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿದಾಗ ಅವರೂ ಅರ್ಜಿ ಹಾಕಿದ್ದರು. ಮುಂಬಯಿ ಷೇರುಪೇಟೆಯಲ್ಲಿ ಅದರ ಸಂಖ್ಯೆ 500209. 1999ರಲ್ಲಿ ಅಮೆರಿಕದ ನಾಸ್ಡ್ಯಾಕ್ ಸೇರಿದಾಗ ಸಿಕ್ಕ ಗುರುತು ಐಎನ್‌ಎಫ್‌ವೈ. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗಲೂ ಅದನ್ನೇ ಜೊತೆಗೆ ಒಯ್ದಿತು. ಆ ಗುರುತನ್ನು ಇನ್ನೊಬ್ಬರಿಗೆ ಕೊಡದಂತೆ ನೋಡಿಕೊಳ್ಳಲು ಒಂದು ಕಚೇರಿಯಿದೆ, ದೂರು ಕೊಡಲು ಬಾಗಿಲಿದೆ.

ಕ್ರಿಪ್ಟೋ ಲೋಕದಲ್ಲಿ ಅಂಥ ಕಚೇರಿಯಿಲ್ಲ. ಬಿಟ್‌ಕಾಯಿನ್ನಿಗೇ ಎರಡು ಗುರುತು: ಬಿಟಿಸಿ ಮತ್ತು ಎಕ್ಸ್‌ಬಿಟಿ. ನಮ್ಮ ರೂಪಾಯಿಯನ್ನು ಐಎನ್‌ಆರ್ ಎನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೊದಲ ಎರಡಕ್ಷರ ದೇಶದ್ದು. 'ಬಿಟಿ' ಭೂತಾನಿನದು! ದೇಶವಿಲ್ಲದ ಹಣಕ್ಕೆ, ಬಂಗಾರಕ್ಕೆ ಇರುವಂತೆ, ಎಕ್ಸ್ ಮುಂದಿರಬೇಕು.

2022ರ ಮೇ ಮೊದಲಲ್ಲಿ 80 ಡಾಲರಿಗೂ ಮೇಲಿದ್ದ ಲೂನಾ, ಹತ್ತೇ ದಿನದಲ್ಲಿ ಒಂದು ಸೆಂಟಿಗಿಂತ ಕೆಳಗಿಳಿಯಿತು. ತಿಂಗಳ ಕೊನೆಗೆ ಹೊಸ ನಾಣ್ಯವೊಂದು ಹುಟ್ಟಿ ಅದೇ ಗುರುತನ್ನು ಪಡೆಯಿತು. ಹಳೆಯದು ಎಲ್‌ಯುಎನ್‌ಸಿ ಆಯಿತು. ಕೈಯಲ್ಲಿದ್ದ ನಾಣ್ಯದ ಹೆಸರೇ ಬದಲಾದರೆ ಮನುಷ್ಯ ಏನು ಮಾಡಬೇಕು?

ಇಥೀರಿಯಮ್ ಜಾಲದಲ್ಲಿ ಯಾರು ಬೇಕಾದರೂ ಯಾವ ಅಕ್ಷರ ಬೇಕಾದರೂ ಇಟ್ಟು ಟೋಕನ್ ಹುಟ್ಟಿಸಬಹುದು. ಅಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಟೋಕನ್ನಿನ 42 ಅಕ್ಷರಗಳ ವಿಳಾಸ. ಹುಡುಗ ತನ್ನದರ ವಿಳಾಸವನ್ನೂ ಅಸಲಿಯದನ್ನೂ ತಾತನ ಹಳೆಯ ಡೈರಿಯಲ್ಲಿ ಒಂದರ ಕೆಳಗೊಂದು ಬರೆದ. ಎರಡೂ ತಾಳೆಯಾಗಲಿಲ್ಲ.

ಫೀಸು ತಾತನೇ ಕಟ್ಟಿದರು. ಹೊರಡುವಾಗ ಹುಡುಗ ಕೇಳಿದ, "ತಾತ, ಆ ಷೇರು ಈಗಲೂ ಇಟ್ಟಿದ್ದೀರಾ?"

"ಎಲ್ಲಿ ಬಂತು! ಈ ಮನೆಯ ತಾರಸಿಗೇ ಮಾರಿದೆ ಕಣೋ" ಎಂದು ತಾತ ಮೇಲೆ ನೋಡಿದರು.